ಭೂಮಿ ಹುಣ್ಣಿಮೆ ಬುಟ್ಟಿಗೆ ಚಿತ್ತಾರ ಬರೆಯುವುದು ಹೇಗೆ: ಸಗಣಿಯಿಂದ ಕೊನೆಯ ಎಳೆಯವರೆಗೆ

ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಮಲೆನಾಡಿನ ಗದ್ದೆಯಲ್ಲಿ ಭತ್ತ ಬಸುರಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಎಲೆಯ ಒಳಗೇ ತುಂಬಿಕೊಂಡಿರುತ್ತದೆ. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಅದಕ್ಕೇ ಭೂಮಿ ಹುಣ್ಣಿಮೆ. ಬಯಲುಸೀಮೆಯವರು ಇದೇ ದಿನವನ್ನು ಶೀಗಿ ಹುಣ್ಣಿಮೆ ಅಂತಾರೆ. ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಹಲವು ಬಗೆಯ ಸೊಪ್ಪು, ಕುಡಿ, ತರಕಾರಿ ಸೇರಿಸಿ ಹಚ್ಚಂಬಲಿ ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲೇ ಅದನ್ನು ಹೊತ್ತುಕೊಂಡು ಹೋಗಿ ಗದ್ದೆಗೆ ಬೀರುತ್ತಾರೆ. ಇದಕ್ಕೆ ಚರಗ ಬೀರುವುದು ಅಂತ ಹೆಸರು.

ಆ ಊಟ ಹೊರುವ ಬುಟ್ಟಿಯೇ ಭೂಮಿ ಹುಣ್ಣಿಮೆ ಬುಟ್ಟಿ. ಕೆಲವು ಕಡೆ ಬಾಯಿಮಾತಿನಲ್ಲಿ ಭೂಮಣ್ಣಿ ಬುಟ್ಟಿ ಆಗಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ಉತ್ತರ ಕನ್ನಡದ ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಇದರ ಮೇಲೆ ಚಿತ್ತಾರ ಬರೆಯುತ್ತಾರೆ. ಮದುವೆಯಲ್ಲಿ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಅವರದ್ದೇ. ಚೆನ್ನಾಗಿ ಬರೆಯುವವಳಿಗೆ ಚಿತ್ತಾರಗಿತ್ತಿ ಅನ್ನುತ್ತಾರೆ.

ನಾನು ಚಿತ್ತಾರಗಿತ್ತಿ ಅಲ್ಲ. ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಪಕ್ಕ ಕೂತು, ಅವರ ಬೈಗುಳ ತಿಂದು ಕಲಿತವಳು. ಮೂರು ಬುಟ್ಟಿ ಹಾಳು ಮಾಡಿದ ಮೇಲೆ ನಾಲ್ಕನೆಯದು ಕಣ್ಣಿಗೆ ಕಾಣುವ ಹಾಗಾಯಿತು. ನನ್ನ ಆ ಮೂರು ತಪ್ಪುಗಳು ನಿಮಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇಲ್ಲಿ ಕೆಲಸದ ಮುಕ್ಕಾಲು ಪಾಲು ಬರೆಯುವುದಲ್ಲ, ತಯಾರಿ. ಮಣ್ಣು, ಹಿಟ್ಟು, ನಾರು ಸರಿಯಿದ್ದರೆ ಎಳೆ, ಅಂದರೆ ಚಿತ್ತಾರದ ಗೆರೆ, ತಾನಾಗಿ ಬರುತ್ತದೆ. ಇಲ್ಲದಿದ್ದರೆ ಎಂಥ ಕಲಾವಿದರ ಕೈಯಾದರೂ ಸೋಲುತ್ತದೆ.

ಯಾವಾಗ ಶುರು ಮಾಡಬೇಕು

ಊರಲ್ಲಿ ಮಹಾನವಮಿ ಹೊತ್ತಿಗೆ ಬುಟ್ಟಿ ಅಟ್ಟದಿಂದ ಕೆಳಗಿಳಿಯುತ್ತದೆ. ವಿಜಯದಶಮಿ ಕಳೆದು ಐದು ದಿನಕ್ಕೆ ಹುಣ್ಣಿಮೆ. ಅಷ್ಟರಲ್ಲಿ ಅವರು ಮುಗಿಸಿಬಿಡುತ್ತಾರೆ. ನೀವು ಹೊಸಬರಾದರೆ ಮೂರು ವಾರ ಇಟ್ಟುಕೊಳ್ಳಿ. ನಾರು ಕೊಳೆಸಲು ಎರಡು ವಾರ ಬೇಕು. ಮಣ್ಣು ಸೋಸಿ ಒಣಗಿಸಲು ಮೂರು ನಾಲ್ಕು ದಿನ. ಸಗಣಿ ಬಳಿದ ಬುಟ್ಟಿ ಒಣಗಲು ಇನ್ನೆರಡು ದಿನ. ಆ ಸಮಯದಲ್ಲಿ ಮಲೆನಾಡಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ನೆನಪಿರಲಿ. ಹಬ್ಬಕ್ಕಲ್ಲ, ಸುಮ್ನೆ ಕಲಿಯೋಕೆ ಅಂದರೆ ಬೇಸಿಗೆ ಒಳ್ಳೆಯದು.

ಬುಟ್ಟಿ ಆರಿಸುವುದು

ಮೇದಾರರು ಹೆಣೆದ ಬಿದಿರಿನ ಬುಟ್ಟಿ ತಗೊಳ್ಳಿ. ಪಟ್ಟಣದ ಅಂಗಡಿಗಳಲ್ಲಿ ವಾರ್ನಿಷ್ ಹೊಡೆದ, ಪ್ಲಾಸ್ಟಿಕ್ ಪಟ್ಟಿ ಸೇರಿಸಿದ ಬುಟ್ಟಿ ಜಾಸ್ತಿ. ಅವು ಬೇಡ, ಸಗಣಿ ಕಚ್ಚುವುದಿಲ್ಲ. ಹೆಣಿಗೆ ಒತ್ತೊತ್ತಾಗಿರಲಿ. ಕಿರುಬೆರಳು ತೂರುವಷ್ಟು ಸಂದಿಯಿದ್ದರೆ ಬಿಟ್ಟುಬಿಡಿ. ಬಾಯಿ ಒಂದು ಅಡಿ ಅಗಲ ಇದ್ದರೆ ಮೊದಲ ಸಲಕ್ಕೆ ಸಾಕು. ಹಬ್ಬಕ್ಕೆ ದೊಡ್ಡದು, ಚಿಕ್ಕದು ಅಂತ ಎರಡು ಬುಟ್ಟಿ ಮಾಡುವ ರೂಢಿ. ಚಿಕ್ಕದರಲ್ಲಿ ಕಲಿತು ದೊಡ್ಡದಕ್ಕೆ ಹೋಗುತ್ತೇನೆ ಅಂತ ನಾನೂ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಚಿಕ್ಕ ಬುಟ್ಟಿಯ ಡೊಂಕು ಜಾಸ್ತಿ, ಕೈ ಊರಲು ಜಾಗವಿಲ್ಲ, ಎಳೆ ಜಾರುತ್ತದೆ.

ಪುಂಡಿ ನಾರಿನ ಕುಂಚ

ಇದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಬೇಕು, ಯಾಕಂದರೆ ಇದಕ್ಕೇ ಹೆಚ್ಚು ದಿನ ಹಿಡಿಯುವುದು. ಪುಂಡಿ ಅಂದರೆ ಉತ್ತರ ಕರ್ನಾಟಕದವರಿಗೆ ಬೇರೆ ಹೇಳಬೇಕಾಗಿಲ್ಲ, ಪುಂಡಿಪಲ್ಯದ ಗಿಡ. ಅದರ ಕಾಂಡದ ಸಿಪ್ಪೆಯಲ್ಲಿ ಗಟ್ಟಿ ನಾರಿದೆ.

ಬಲಿತ ಕಾಂಡವನ್ನು ಎರಡು ಅಡಿ ಉದ್ದಕ್ಕೆ ಕತ್ತರಿಸಿ ನೀರಲ್ಲಿ ಮುಳುಗಿಸಿಡಿ. ಮೇಲೆ ಕಲ್ಲು ಹೇರಿ. ಹತ್ತರಿಂದ ಹದಿನೈದು ದಿನದಲ್ಲಿ ಸಿಪ್ಪೆ ಕೊಳೆತು ಬಿಡಿಸಿಕೊಳ್ಳುತ್ತದೆ. ವಾಸನೆ ಬರುತ್ತದೆ, ಬಕೆಟ್ಟನ್ನು ಮನೆಯಿಂದ ದೂರ ಇಡಿ. ನಮ್ಮನೆಯಲ್ಲಿ ಬಚ್ಚಲಲ್ಲಿಟ್ಟು ದೊಡ್ಡ ಜಗಳವೇ ಆಗಿತ್ತು. ಸಿಪ್ಪೆ ಸುಲಿದು, ಲೋಳೆ ಹೋಗುವವರೆಗೆ ತೊಳೆದು, ನೆರಳಲ್ಲಿ ಒಣಗಿಸಿದರೆ ಬೆಳ್ಳಗಿನ ನಾರು ಸಿಗುತ್ತದೆ.

ಹತ್ತು ಹನ್ನೆರಡು ಎಳೆ ನಾರು ಒಟ್ಟು ಮಾಡಿ. ಒಂದು ಗೇಣು ಉದ್ದ ಸಾಕು. ತುದಿಯಲ್ಲಿ ಒಂದು ಇಂಚು ಬಿಟ್ಟು ಉಳಿದದ್ದಕ್ಕೆ ದಾರ ಬಿಗಿಯಾಗಿ ಸುತ್ತಿ. ತುದಿಯನ್ನು ಕತ್ತರಿಯಿಂದ ಸಮ ಮಾಡಬೇಡಿ, ಕುಂಚ ಮೊಂಡಾಗುತ್ತದೆ. ನೀರಲ್ಲಿ ನೆನೆಸಿ, ಬೆರಳಲ್ಲಿ ತೀಡಿ ಚೂಪು ಮಾಡಿ. ಮೂರು ಕುಂಚ ಬೇಕು: ಎಳೆಗೆ ನಾಲ್ಕೈದು ನಾರಿನ ಸಣ್ಣದು, ಪಟ್ಟಿಗೆ ಇಷ್ಟು ದಪ್ಪದ್ದು, ಬಣ್ಣ ತುಂಬಲು ಇನ್ನೊಂದು.

ಪುಂಡಿ ಸಿಗದಿದ್ದರೆ ಸೆಣಬಿನ ಹುರಿ ಬಿಡಿಸಿ ಮಾಡಬಹುದು. ಅಂಗಡಿಯ ಪೇಂಟಿಂಗ್ ಬ್ರಷ್ ಯಾಕಾಗಬಾರದು ಅಂತ ಕೇಳ್ತೀರಾ? ಆಗುತ್ತದೆ. ಆದರೆ ಅದರ ಕೂದಲು ಮೆತ್ತಗೆ, ಒರಟು ಮಣ್ಣಿನ ಮೇಲೆ ಕೈ ಒತ್ತಿದ ಕಡೆಯೆಲ್ಲ ಎಳೆ ದಪ್ಪವಾಗುತ್ತದೆ. ನಾರು ಉದ್ದವಾಗಿ, ಸ್ವಲ್ಪ ಬಿರುಸಾಗಿ ಇರುವುದರಿಂದ ಹಿಟ್ಟನ್ನು ಹೊತ್ತುಕೊಂಡು ಒಂದೇ ಸಮನಾಗಿ ಬಿಡುತ್ತಾ ಹೋಗುತ್ತದೆ. ಒಂದು ಸಲ ಅದ್ದಿದರೆ ನನಗೆ ಒಂದು ಗೇಣು ಎಳೆ ಸಿಗುತ್ತದೆ. ಅಜ್ಜಿಗೆ ಒಂದು ಮೊಳ.

ಕೆಮ್ಮಣ್ಣು ಸೋಸುವುದು

ಮಲೆನಾಡಿನ, ಕರಾವಳಿಯ ಮಣ್ಣಿನ ಕೆಂಪು ಕಬ್ಬಿಣದ ಅಂಶದ್ದು. ಕಬ್ಬಿಣ ತುಕ್ಕು ಹಿಡಿದ ಬಣ್ಣವೇ ಅದು. ತುಕ್ಕು ಇನ್ನೆಷ್ಟು ತುಕ್ಕು ಹಿಡಿದೀತು? ಹಾಗಾಗಿ ಬಿಸಿಲಿಗೆ ಮಾಸುವುದಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಕೆಂಪು ಚಿತ್ರಗಳಿವೆ. ಅವೂ ಇಂಥ ಕೆಮ್ಮಣ್ಣಿನವೇ.

ಹೊಲದಂಚು, ತೋಟದ ಬದು, ಎಲ್ಲಾದರೂ ಗೊಬ್ಬರ ಬೀಳದ ಜಾಗದಿಂದ ಒಂದೆರಡು ಸೇರು ಮಣ್ಣು ತನ್ನಿ. ಜಾಗದವರನ್ನು ಕೇಳಿ ತನ್ನಿ. ಕಲ್ಲು, ಬೇರು ಆರಿಸಿ ಬಕೆಟ್ಟಿನಲ್ಲಿ ಹಾಕಿ, ನಾಲ್ಕು ಪಟ್ಟು ನೀರು ಸುರಿದು ಕೈಯಿಂದ ಚೆನ್ನಾಗಿ ಕದಡಿ. ಈಗ ನಿಧಾನಕ್ಕೆ ಅರ್ಧ ನಿಮಿಷ ಎಣಿಸಿ. ಮರಳು, ಜಲ್ಲಿ ತಳಕ್ಕೆ ಇಳಿದಿರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ತಳದ್ದಕ್ಕೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಹೀಗೇ ಮಾಡಿ. ಬಗ್ಗಿಸಿದ ನೀರನ್ನು ಒಂದು ದಿನ ಅಲುಗಾಡಿಸದೆ ಇಡಿ. ಮರುದಿನ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಮಣ್ಣು. ತಿಳಿ ಚೆಲ್ಲಿ, ಮಣ್ಣನ್ನು ಹಳೆಯ ಪಂಚೆಯ ಮೇಲೆ ಹರಡಿ ಒಣಗಿಸಿ, ಉಂಡೆ ಕಟ್ಟಿಟ್ಟುಕೊಳ್ಳಿ. ವರ್ಷಗಟ್ಟಲೆ ಇರುತ್ತದೆ.

ಬೆಂಗಳೂರು, ಮೈಸೂರಿನಲ್ಲಿರುವವರು ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ರಂಗೋಲಿ ಅಂಚಿಗೆ, ತುಳಸಿಕಟ್ಟೆಗೆ ಹಚ್ಚುವ ಕೆಮ್ಮಣ್ಣು ಪೊಟ್ಟಣದಲ್ಲಿ ಸಿಗುತ್ತದೆ. ಕೆಲವಕ್ಕೆ ಬಣ್ಣ ಬೆರೆಸಿರುತ್ತಾರೆ. ಪರೀಕ್ಷೆ ಸುಲಭ. ಒಂದು ಚಿಟಿಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಬರಿ ಮಣ್ಣಾದರೆ ಕೆಳಗೆ ಕೂತು ನೀರು ತಿಳಿಯಾಗುತ್ತದೆ. ಬೆಳಿಗ್ಗೆಯೂ ನೀರು ಗುಲಾಬಿಯಾಗಿದ್ದರೆ ಆ ಪೊಟ್ಟಣ ಬೇಡ.

ಬುಟ್ಟಿಗೆ ಸಗಣಿ ಬಳಿಯುವುದು

ನನ್ನ ಮೊದಲ ಬುಟ್ಟಿ ಕೆಟ್ಟದ್ದು ಇಲ್ಲೇ. ಹೆಣಿಗೆಯ ಗುರುತೇ ಕಾಣಬಾರದು ಅಂತ ಒಂದೇ ಸಲಕ್ಕೆ ದಪ್ಪಗೆ ಮೆತ್ತಿ, ಬೇಗ ಒಣಗಲಿ ಅಂತ ಬಿಸಿಲಿಗಿಟ್ಟೆ. ಸಂಜೆಗೆ ಬೇಸಿಗೆಯ ಕೆರೆ ತಳದ ಹಾಗೆ ಬಿರಿದಿತ್ತು.

ಸರಿಯಾದ ರೀತಿ ಹೀಗಿದೆ. ಹೊಸ ಸಗಣಿ ಎರಡು ಬೊಗಸೆ, ಸೋಸಿದ ಕೆಮ್ಮಣ್ಣು ಅರ್ಧ ಬೊಗಸೆ. ಹುಲ್ಲು ಮೇಯುವ ಹಸುವಿನ ಸಗಣಿಯಾದರೆ ಒಳ್ಳೆಯದು. ಅದರಲ್ಲಿ ಸಣ್ಣ ನಾರು ಇರುತ್ತದೆ, ಆ ನಾರೇ ಬಿರುಕು ಬಿಡದಂತೆ ಹಿಡಿದುಕೊಳ್ಳುವುದು. ಉದ್ದ ಕಡ್ಡಿಗಳಿದ್ದರೆ ಆರಿಸಿ ತೆಗೆಯಿರಿ. ಸ್ವಲ್ಪ ಅನ್ನದ ಗಂಜಿ ಹಾಕಿ ನಾದಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಇಡ್ಲಿ ಹಿಟ್ಟಿಗಿಂತ ಗಟ್ಟಿ.

ಬುಟ್ಟಿಗೆ ಮೊದಲು ನೀರು ಚಿಮುಕಿಸಿ. ಒಣ ಬಿದಿರಿಗೆ ಹಚ್ಚಿದರೆ ಅದು ನೀರು ಹೀರಿಕೊಂಡು ಸಗಣಿ ಉದುರುತ್ತದೆ. ಹೊರಮೈಗೆ ತೆಳ್ಳಗೆ, ಸಂದಿಗಳಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿ. ನೆರಳಲ್ಲಿ ಗಾಳಿಯಾಡುವ ಕಡೆ ಒಂದು ದಿನ ಒಣಗಲಿ. ಮರುದಿನ ಇನ್ನೊಂದು ತೆಳು ಪದರ. ಅರ್ಧ ಒಣಗಿದಾಗ ನುಣ್ಣನೆಯ ಹೊಳೆಗಲ್ಲಿನಿಂದ ಉಜ್ಜಿ. ಈ ಉಜ್ಜುವ ಕೆಲಸ ಯಾರೂ ಬಿಡಬಾರದು. ನುಣುಪಾದ ಮೈ ಇದ್ದರೆ ಮಾತ್ರ ಸಣ್ಣ ಎಳೆ ಓಡುತ್ತದೆ.

ಪೂರ್ತಿ ಒಣಗಿದ ಮೇಲೆ ಕೆಮ್ಮಣ್ಣಿಗೆ ತೆಳು ಗಂಜಿ ಸೇರಿಸಿ, ಮಜ್ಜಿಗೆಯ ಹದಕ್ಕೆ ಕಲಸಿ, ಬಟ್ಟೆಯ ಉಂಡೆಯಿಂದ ಬಳಿಯಿರಿ. ಎರಡು ಸಲ, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಒಣಗಿದ ಮೇಲೆ ಅಂಗೈಯಿಂದ ಸವರಿ ನೋಡಿ. ಕೈಗೆ ಕೆಂಪು ಹತ್ತಿದರೆ ಗಂಜಿ ಸಾಲದು ಅಂತ ಅರ್ಥ. ಇನ್ನೊಂದು ಕೈ ಬಳಿಯಿರಿ.

ಬಿಳಿ: ಅಕ್ಕಿಹಿಟ್ಟು

ಅರ್ಧ ಲೋಟ ಬೆಳ್ತಿಗೆ ಅಕ್ಕಿ ಸಾಕು, ಉಳಿಯುತ್ತದೆ ಕೂಡ. ರಾತ್ರಿ ನೆನೆಹಾಕಿ, ಬೆಳಿಗ್ಗೆ ತೊಳೆದು, ಬೆಣ್ಣೆಯ ಹಾಗೆ ರುಬ್ಬಿ. ಮಿಕ್ಸಿಯಲ್ಲಿ ಎಷ್ಟು ರುಬ್ಬಿದರೂ ತರಿ ಉಳಿಯುತ್ತದೆ, ಹಳೆಯ ಪಂಚೆಯಲ್ಲಿ ಹಿಂಡಿ ಸೋಸಿ. ಕುಂಚದಿಂದ ತೊಟ್ಟಿಕ್ಕಬೇಕು, ಆದರೆ ಹರಿಯಬಾರದು. ನೀರುದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿ ಅನ್ನಬಹುದು.

ಇಲ್ಲಿ ಎಲ್ಲ ಹೊಸಬರೂ ಮೋಸ ಹೋಗುವ ಒಂದು ವಿಷಯವಿದೆ. ಹಸಿ ಅಕ್ಕಿಹಿಟ್ಟು ಬರೆದ ತಕ್ಷಣ ಬಿಳಿಯಾಗಿ ಕಾಣುವುದಿಲ್ಲ. ಮಸುಕಾಗಿ, ನೀರು ನೀರಾಗಿ ಕಾಣುತ್ತದೆ. ಅಯ್ಯೋ ಬಣ್ಣವೇ ಹತ್ತಲಿಲ್ಲ ಅಂತ ಮತ್ತೆ ಅದರ ಮೇಲೇ ಬರೆಯುತ್ತೇವೆ. ಒಣಗಿದಾಗ ಅದು ಬೆಳ್ಳಗೆ ಎದ್ದು ಬರುತ್ತದೆ, ಎರಡು ಸಲ ಬರೆದ ಕಡೆ ದಪ್ಪಗಾಗಿ ಸಿಪ್ಪೆ ಏಳುತ್ತದೆ. ನನ್ನ ಎರಡನೆಯ ಬುಟ್ಟಿ ಹೋದದ್ದು ಹೀಗೆ. ಒಂದು ಎಳೆ ಬರೆದರೆ ಹತ್ತು ನಿಮಿಷ ಅದರ ತಂಟೆಗೆ ಹೋಗಬೇಡಿ.

ಹಿಟ್ಟು ಒಂದು ದಿನಕ್ಕೆ ಹುಳಿಯಾಗುತ್ತದೆ. ಹುಳಿ ಬಂದದ್ದರಲ್ಲಿ ಗುಳ್ಳೆಗಳಿರುತ್ತವೆ, ಎಳೆಯಲ್ಲಿ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ. ದಿನಕ್ಕೆ ಬೇಕಾದಷ್ಟೇ ರುಬ್ಬಿಕೊಳ್ಳಿ. ಉಳಿದದ್ದು ದೋಸೆಗೆ. ಬಿಳಿ ಜೇಡಿಮಣ್ಣು ಸಿಗುವ ಕಡೆ ಅದನ್ನೂ ಬಳಸುತ್ತಾರೆ, ಅದಕ್ಕೆ ಹುಳಿಯ ಗೋಳಿಲ್ಲ, ಗಂಜಿ ಮಾತ್ರ ಬೇಕು.

ಕಪ್ಪು, ಹಳದಿ

ಕಪ್ಪಿಗೂ ಅಕ್ಕಿಯೇ. ಬಾಣಲೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ಇದ್ದಿಲಾಗುವವರೆಗೆ ಹುರಿಯಿರಿ. ಕಂದು ಬಣ್ಣಕ್ಕೆ ನಿಲ್ಲಿಸಬೇಡಿ, ಹೊಗೆ ಎದ್ದು ಪೂರ್ತಿ ಕರಕಲಾಗಬೇಕು. ಆಮೇಲೆ ನೆನೆಸಿ ಅರೆದರೆ ಕಾಡಿಗೆಯಂಥ ಕಪ್ಪು.

ಹಳದಿಗೆ ಊರಿನವರು ಗುರಿಗೆ ಕಾಯಿ ಬಳಸುತ್ತಾರೆ. ಕಾಡಿನ ಸೀಮೆಯ ಹೊರಗೆ ಅದು ಸಿಗುವುದು ಕಷ್ಟ. ಅರಿಸಿನ ಹಾಕಬಹುದು, ಆದರೆ ಎರಡು ಎಚ್ಚರಿಕೆ. ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ. ಇನ್ನೊಂದು, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿ ನೀರು ಮಾಡುವುದೇ ಹಾಗಲ್ವಾ? ಹಾಗಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಅರಿಸಿನದಲ್ಲಿ ಬರೆಯಲು ಹೋಗಬೇಡಿ. ಬುಟ್ಟಿಗೆ ಹಳದಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಸಾಕು. ನನ್ನ ಕಣ್ಣಿಗೆ ಕೆಂಪಿನ ಮೇಲೆ ಬರಿ ಬಿಳಿ ಇರುವ ಬುಟ್ಟಿಯೇ ಚೆಂದ.

ಕೈ ಪಳಗಿಸುವುದು

ಬುಟ್ಟಿಗೆ ಕೈ ಹಾಕುವ ಮೊದಲು ಒಂದು ರಟ್ಟಿಗೋ ಹಲಗೆಗೋ ಕೆಮ್ಮಣ್ಣು ಬಳಿದು ಎರಡು ದಿನ ಅಭ್ಯಾಸ ಮಾಡಿ. ಬರೀ ಎಳೆ. ಹೂವಿಲ್ಲ, ಬಳ್ಳಿಯಿಲ್ಲ. ಚಿತ್ತಾರದ ಜೀವ ಇರುವುದೇ ಜೊತೆಜೊತೆಯಾಗಿ ಓಡುವ ನೇರ ಎಳೆಗಳಲ್ಲಿ. ಎಷ್ಟೋ ಜನ ಇದನ್ನು ವಾರ್ಲಿ ಅಂದುಕೊಳ್ಳುತ್ತಾರೆ. ಕೆಂಪು ಮಣ್ಣು, ಅಕ್ಕಿಹಿಟ್ಟು ಎರಡರಲ್ಲೂ ಇದೆ, ನಿಜ. ಆದರೆ ಮಹಾರಾಷ್ಟ್ರದ ವಾರ್ಲಿಯಲ್ಲಿ ತ್ರಿಕೋನದ ಮೈಯ ಮನುಷ್ಯರು ಕುಣಿಯುತ್ತಾರೆ, ಕತೆ ನಡೆಯುತ್ತದೆ. 2011ರಲ್ಲಿ ಪದ್ಮಶ್ರೀ ಪಡೆದ ಜಿವ್ಯಾ ಸೋಮಾ ಮಶೆ ಅವರ ಕೆಲಸ ನೋಡಿದರೆ ಗೊತ್ತಾಗುತ್ತದೆ. ಚಿತ್ತಾರದಲ್ಲಿ ಮನುಷ್ಯರು ಕಡಿಮೆ, ಚೌಕ, ಪಟ್ಟಿ, ಹೆಣಿಗೆ ಜಾಸ್ತಿ. ಬುಟ್ಟಿ ಹೆಣೆದವರ ಕಣ್ಣು, ಗದ್ದೆ ಸಾಲು ನೋಡಿದವರ ಕಣ್ಣು ಅದರಲ್ಲಿದೆ ಅಂತ ನನಗನ್ನಿಸುತ್ತದೆ.

ಕುಂಚವನ್ನು ಪೆನ್ನಿನ ಹಾಗೆ ನೆಟ್ಟಗೆ ಹಿಡಿಯಬೇಡಿ. ಹೆಬ್ಬೆರಳು, ತೋರುಬೆರಳಲ್ಲಿ ಸಡಿಲವಾಗಿ ಹಿಡಿದು, ನಾರು ಮೈಗೆ ಮಲಗುವ ಹಾಗೆ ಬಾಗಿಸಿ. ಕಿರುಬೆರಳು ಆಸರೆಗೆ. ಒತ್ತಬೇಡಿ, ಎಳೆಯಿರಿ. ಅದಕ್ಕೇ ಅದು ಎಳೆ. ಕಣ್ಣು ಕುಂಚದ ತುದಿಯ ಮೇಲಲ್ಲ, ಎಳೆ ಮುಟ್ಟಬೇಕಾದ ಜಾಗದ ಮೇಲಿರಲಿ. ನನ್ನ ಕೈ ನಡುಗಿ ನಡುವೆ ನಿಲ್ಲಿಸಿದಾಗೆಲ್ಲ ಅಜ್ಜಿ, “ನಡುಗಿದ್ರೆ ನಡುಗ್ಲಿ ಮಾರಾಯ್ತಿ, ನಿಲ್ಲಿಸ್ಬೇಡ” ಅನ್ನುತ್ತಿದ್ದರು. ಸೊಟ್ಟಗಾದ ಎಳೆ ಪಕ್ಕದ ಎಳೆಗಳ ನಡುವೆ ಮುಚ್ಚಿಹೋಗುತ್ತದೆ. ನಿಲ್ಲಿಸಿದ ಕಡೆ ಬೀಳುವ ಬೊಟ್ಟು ಮಾತ್ರ ಮುಚ್ಚುವುದಿಲ್ಲ.

ಬುಟ್ಟಿಯನ್ನು ಭಾಗ ಮಾಡುವುದು

ಬುಟ್ಟಿಯ ಬಾಯಿ ಅಗಲ, ತಳ ಕಿರಿದು. ಕಣ್ಣಂದಾಜಿನಲ್ಲಿ ಬರೆಯುತ್ತಾ ಸುತ್ತಿ ಬಂದರೆ ಕೊನೆಯ ಮನೆಗೆ ಜಾಗವೇ ಇರುವುದಿಲ್ಲ. ಮೂರನೆಯ ಬುಟ್ಟಿಯ ಕತೆ ಇದೇ.

ನಾನು ಕಂಡುಕೊಂಡ ಉಪಾಯ ಇದು. ಕಾಗದದ ಉದ್ದ ಪಟ್ಟಿಯನ್ನು ಬುಟ್ಟಿಯ ಬಾಯಿಗೆ ಸುತ್ತಿ, ಸರಿಯಾಗಿ ಸೇರುವ ಕಡೆ ಕತ್ತರಿಸಿ. ಅದನ್ನು ಮೂರು ಸಲ ಮಡಚಿದರೆ ಎಂಟು ಸಮಭಾಗ. ಮತ್ತೆ ಸುತ್ತಿ, ಮಡಿಕೆ ಬಂದ ಕಡೆಯೆಲ್ಲ ಇದ್ದಿಲಿನ ಚುಕ್ಕೆ ಇಡಿ. ತಳಕ್ಕೂ ಇನ್ನೊಂದು ಪಟ್ಟಿಯಿಂದ ಹೀಗೇ ಮಾಡಿ. ಮೇಲಿನ ಚುಕ್ಕೆಯಿಂದ ಕೆಳಗಿನ ಚುಕ್ಕೆಗೆ ಹಿಟ್ಟಿನಲ್ಲಿ ಅದ್ದಿದ ಹತ್ತಿ ದಾರವನ್ನು ಬಿಗಿಯಾಗಿ ಹಿಡಿದು ಒತ್ತಿದರೆ ನೇರ ಗುರುತು ಬೀಳುತ್ತದೆ. ಇದಕ್ಕೆ ಇನ್ನೊಬ್ಬರ ಕೈ ಬೇಕು, ಮನೆಯ ಮಕ್ಕಳನ್ನು ಕರೆಯಿರಿ. ಚಿತ್ತಾರಗಿತ್ತಿಯರು ಇದ್ಯಾವುದೂ ಇಲ್ಲದೆ ಗೇಣು, ಬೆರಳಲ್ಲೇ ಅಳೆದುಬಿಡುತ್ತಾರೆ.

ಬರೆಯುವ ಕ್ರಮ

ಬಾಯಿಯ ಅಂಚಿನಿಂದ ಶುರು ಮಾಡಿ, ಕೆಳಕ್ಕೆ ಇಳಿಯಿರಿ. ಕೆಳಗಿನಿಂದ ಶುರು ಮಾಡಿದರೆ ಕೈ ತಾಗಿ ಅಳಿಸುತ್ತದೆ. ಅಂಚಿಗೆ ಸುತ್ತಲೂ ಮೂರು ಜೋಡಿ ಎಳೆ. ಮೊದಲ ಎಳೆ ಒಣಗಿದ ಮೇಲೆ ಎರಡನೆಯದು. ಬುಟ್ಟಿಯನ್ನು ಬೋರಲು ಹಾಕಿದ ಪಾತ್ರೆಯ ಮೇಲಿಟ್ಟು, ಕುಂಚವನ್ನು ಅಲ್ಲೇ ಹಿಡಿದು ಬುಟ್ಟಿ ತಿರುಗಿಸಿದರೆ ಸುಲಭ.

ಆಮೇಲೆ ಎಂಟು ಮನೆಗಳ ನಡುವಿನ ಉದ್ದ ಪಟ್ಟಿಗಳು. ಇವಕ್ಕೆ ಜೋಗಿ ಜಡೆ ಚೆನ್ನಾಗಿ ಹೊಂದುತ್ತದೆ. ಹೆಸರೇ ಹೇಳುವ ಹಾಗೆ ಜೋಗಿಯ ಜಡೆಯಿಂದ ಬಂದ ನಮೂನೆ. ಹೊಸಬರಿಗೆ ನಾನು ಹೇಳಿಕೊಡುವ ಸರಳ ರೂಪ ಇದು: ಎರಡು ಬೆರಳಗಲದ ಪಟ್ಟಿಯ ಎರಡೂ ಅಂಚಿಗೆ ಎಳೆ, ಒಳಗೆ ಎಡದಿಂದ ಬಲಕ್ಕೆ ಓರೆ ಗೆರೆಗಳು ಸಮದೂರದಲ್ಲಿ, ಒಣಗಿದ ಮೇಲೆ ಬಲದಿಂದ ಎಡಕ್ಕೆ ಅಷ್ಟೇ ಓರೆ ಗೆರೆಗಳು. ನಡುವೆ ಉಳಿಯುವ ವಜ್ರದಾಕಾರದ ಮನೆಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಕಪ್ಪು. ಗೋಡೆಯ ಹಸೆಯಲ್ಲಿ ನಿಲಿ, ಪಪ್ಪಳಿ, ಬಾಸಿಂಗ, ಮುಂಡಿಗೆ ಅಂತ ಇನ್ನೂ ಬೇರೆ ಬೇರೆ ನಮೂನೆಗಳಿವೆ. ಅವನ್ನು ಓದಿ ಕಲಿಯುವುದಲ್ಲ, ಬರೆಯುವವರ ಪಕ್ಕ ಕೂತೇ ಕಲಿಯಬೇಕು.

ದೊಡ್ಡ ಮನೆಗಳೊಳಗೆ ಗದ್ದೆಯದ್ದೆಲ್ಲ ಬರಬಹುದು. ಭತ್ತದ ಸಸಿ, ಏಣಿ, ಎತ್ತು, ಹಕ್ಕಿ, ಸೂರ್ಯ, ಚಂದ್ರ. ಭತ್ತದ ಸಸಿ ಬರೆಯುವುದು ಹೀಗೆ: ನೆಟ್ಟಗೆ ಒಂದು ಎಳೆ, ಎರಡೂ ಪಕ್ಕ ಮೇಲ್ಮುಖವಾಗಿ ಮೂರು ಮೂರು ಓರೆ ಗೆರೆ. ತುದಿಗೆ ಕಾಳಿನ ಚುಕ್ಕೆ ಇಡಬೇಕೋ ಬೇಡವೋ ಅಂತ ನಾನು ಕೇಳಿದ್ದೆ, ಗದ್ದೆಯಲ್ಲಿ ಇನ್ನೂ ತೆನೆ ಬಂದಿಲ್ಲವಲ್ಲ ಅಂತ. “ಬರ್ಲಿ ಅಂತಾನೇ ಅಲ್ವಾ ಬರೆಯೋದು” ಅಂದರು ಅಜ್ಜಿ. ಇಡಿ. ಕಡ್ಡಿಯ ತುದಿಯನ್ನು ಹಿಟ್ಟಿನಲ್ಲಿ ಅದ್ದಿ ಒತ್ತಿದರೆ ಚುಕ್ಕೆ ಗುಂಡಗೆ ಬರುತ್ತದೆ.

ನಿಮ್ಮ ಊರಿನ ಗಿಡ, ಹಕ್ಕಿ ಬರೆಯಬಹುದಾ? ನಿಮ್ಮ ಬುಟ್ಟಿಗೆ ಧಾರಾಳವಾಗಿ ಬರೆಯಿರಿ. ಆದರೆ ಮಾರಾಟಕ್ಕೆ ಇಟ್ಟರೆ, ಕಾರ್ಯಾಗಾರ ಮಾಡಿದರೆ, ಇದು ದೀವರ ಹೆಣ್ಣುಮಕ್ಕಳ ವಿದ್ಯೆ ಅಂತ ಹೇಳಿ. ‘ಬುಡಕಟ್ಟು ಕಲೆ’ ಅಂತ ಒಂದು ಚೀಟಿ ಅಂಟಿಸಿ ಮುಗಿಸುವುದನ್ನು ಮೇಳಗಳಲ್ಲಿ ನೋಡಿ ನನಗೆ ಸಿಟ್ಟು ಬಂದಿದೆ.

ತಪ್ಪಾದರೆ

ಹಸಿಯಿದ್ದಾಗ ಒರೆಸಬೇಡಿ, ಕೆಂಪಿನ ಮೇಲೆ ಬಿಳಿ ಮಬ್ಬು ಹರಡುತ್ತದೆ. ಒಣಗಲಿ. ಉಗುರಿನಿಂದ ಕೆರೆದು, ಆ ಜಾಗಕ್ಕೆ ಸಣ್ಣ ಕುಂಚದಿಂದ ಕೆಮ್ಮಣ್ಣು ಹಚ್ಚಿದರೆ ಗೊತ್ತೇ ಆಗುವುದಿಲ್ಲ. ಬಿರುಕು ಬಿಟ್ಟ ಕಡೆ ನೀರು ಮುಟ್ಟಿಸಿ ತೆಳು ಸಗಣಿ ತಿಕ್ಕಿ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಒಣಬಟ್ಟೆಯಿಂದ ಒರೆಸಿ ಒಲೆಯ ಹತ್ತಿರ ಎರಡು ದಿನ ಇಡಿ. ವಾರ್ನಿಷ್ ಹೊಡೆದುಬಿಡೋಣ ಅನ್ನಿಸುತ್ತದೆ. ಗೋಡೆಗೆ ತೂಗುಹಾಕುವ ಬುಟ್ಟಿಯಾದರೆ ನಿಮ್ಮಿಷ್ಟ. ಊಟ ತುಂಬಿ ಗದ್ದೆಗೆ ಹೋಗುವ ಬುಟ್ಟಿಗೆ ಬೇಡವೇ ಬೇಡ. ಹಾಗೇ ಬುಟ್ಟಿಯ ಒಳಗೆ ಬಾಳೆಲೆ ಹಾಸಿಯೇ ಅಡುಗೆ ಇಡಿ.

ಹಬ್ಬ ಮುಗಿದ ಮೇಲೆ

ಮುಂಜಾವಿನ ಇಬ್ಬನಿಗೆ, ಹೊತ್ತವರ ಕೈಯ ಬೆವರಿಗೆ ಒಂದಷ್ಟು ಎಳೆ ಅಳಿಸಿರುತ್ತದೆ. ಬುಟ್ಟಿಯನ್ನು ಒಂದು ದಿನ ಒಣಗಿಸಿ, ಬಟ್ಟೆ ಸುತ್ತಿ ಅಟ್ಟದ ಮೇಲೆ, ಹೊಗೆ ತಾಗುವ ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಅಕ್ಕಿಹಿಟ್ಟಿನ ರುಚಿ ಜಿರಳೆಗೂ ಗೊತ್ತು, ಹಾಗಾಗಿ ಒಂದಿಷ್ಟು ಬೇವಿನ ಸೊಪ್ಪು ಒಣಗಿಸಿ ಒಳಗೆ ಹಾಕಿಡಿ. ಮುಂದಿನ ಮಹಾನವಮಿಗೆ ಕೆಳಗಿಳಿಸಿ, ಒದ್ದೆ ಬಟ್ಟೆಯಿಂದ ಹಳೆಯ ಚಿತ್ತಾರ ಒರೆಸಿ, ಒಂದು ಕೈ ಕೆಮ್ಮಣ್ಣು ಬಳಿದರೆ ಸಾಕು. ಸಗಣಿ ಮತ್ತೆ ಬಳಿಯಬೇಕಾಗಿಲ್ಲ. ಕುಂಚವನ್ನು ಮಾತ್ರ ಹೊಸದಾಗಿ ಕಟ್ಟಿಕೊಳ್ಳಿ.